ಥರ್ಮೋಸ್ಟ್ಯಾಟ್ ತೆಗೆಯದೆ ಕನ್ಯಾಕುಮಾರಿ: ನನ್ನ ಪಾಲಿಯೋ 1.6ರ ಅನುಭವ

ಮೇ ತಿಂಗಳ ಬಿಸಿಲಲ್ಲಿ ದಾವಣಗೆರೆಯಿಂದ ಕನ್ಯಾಕುಮಾರಿಗೆ ಹೋದೆವು. ಬರುವಾಗ ಕೇರಳದ ಕರಾವಳಿ ಹಿಡಿದು, ಆಗುಂಬೆ ಘಾಟಿ ಹತ್ತಿ ಮನೆ ಸೇರಿದೆವು. ಹತ್ತಿರ ಹತ್ತಿರ 2,000 ಕಿಲೋಮೀಟರ್. ಗಾಡಿ 2002ರ ಫಿಯಟ್ ಪಾಲಿಯೋ 1.6. ಒಂದು ಸಲವೂ ಹೀಟ್ ಆಗಲಿಲ್ಲ. ಶಿರಾ ದಾಟಲ್ಲ ಎಂದು ಹೇಳಿದವರು ನಮ್ಮೂರಲ್ಲಿ ಬಹಳ ಮಂದಿ ಇದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ ಗೊತ್ತಿರುವವರಿಗೆ ಪರಿಚಯ ಬೇಡ. 1,596 ಸಿಸಿ, 16 ವಾಲ್ವ್, 100 ಕುದುರೆ ಶಕ್ತಿ. ಮನೆಮನೆಗೆ ಮಾರುತಿ 800 ಇದ್ದ ಕಾಲದಲ್ಲಿ ನಮ್ಮ ಚಿಕ್ಕಪ್ಪ ಇದನ್ನು ಹೊಸದಾಗಿ ತಂದರು. ಪಿ.ಬಿ. ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಅವರು ಎಳೆದದ್ದು ನನಗೆ ಇನ್ನೂ ನೆನಪಿದೆ. ನಮಗೆ ಇದೇ ಸ್ಪೋರ್ಟ್ಸ್ ಕಾರು. 2019ರಲ್ಲಿ ಕೀ ನನ್ನ ಕೈಗೆ ಬಂತು. ಅಷ್ಟರಲ್ಲಿ ಅದಕ್ಕೆ ಹೀಟ್ ಆಗುವ ರೋಗ ಅಂಟಿತ್ತು.

ಮಂಡಿಪೇಟೆಯ ಜಾಮ್‌ನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತಿತ್ತು. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಒಂದೇ ಮಾತು, "ಥರ್ಮೋಸ್ಟ್ಯಾಟ್ ತೆಗೆದು ಒಗೀರಿ ಅಣ್ಣಾ, ನಮ್ಮ ಬಿಸಿಲಿಗೆ ಅದು ಯಾಕೆ ಬೇಕು?" ಥರ್ಮೋಸ್ಟ್ಯಾಟ್ ಎಂದರೆ ಇಂಜಿನ್ ಬಿಸಿಯಾಗುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಪುಟ್ಟ ವಾಲ್ವ್. ತೆಗೆಸಿದೆ. ಹೈವೇನಲ್ಲಿ ಮುಳ್ಳು ಮೇಲೇಳಲೇ ಇಲ್ಲ. ಎಲ್ಲರಿಗೂ ಖುಷಿ. ಆದರೆ ಮೈಲೇಜ್ ಹತ್ತರಿಂದ ಏಳಕ್ಕೆ ಇಳಿಯಿತು, ಪ್ಲಗ್ ನಾಲ್ಕೂ ಮಸಿ. ಇಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಪೆಟ್ರೋಲ್ ಜಾಸ್ತಿ ಸುರಿಯುತ್ತಲೇ ಇತ್ತು. ಜಾಮ್‌ನಲ್ಲಿ ನಿಂತರೆ ಮಾತ್ರ ಮತ್ತೆ ಅದೇ ಕೆಂಪು.

ಎರಡನೇ ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಇಂಜಿನ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲ್) ಹೋಗಿದೆ ಎಂದರು. ಹೆಡ್ ಬಿಚ್ಚಿಸಿದೆ. ಗ್ಯಾಸ್ಕೆಟ್ ಚೆನ್ನಾಗಿಯೇ ಇತ್ತು. ಕೈಯಿಂದ 28,000 ಹೋಯಿತು. ಅದರ ಮೇಲೆ ಒಂದು ಲೋಕಲ್ ರೇಡಿಯೇಟರ್ 5,500ಕ್ಕೆ ಹಾಕಿಸಿದೆ. ನಾಲ್ಕೇ ತಿಂಗಳಿಗೆ ಪ್ಲಾಸ್ಟಿಕ್ ಟ್ಯಾಂಕಿನ ಅಂಚಿನಲ್ಲಿ ಸೋರಿತು. ಮನೆಯಲ್ಲಿ, "ಗುಜರಿಗೆ ಹಾಕ್ರಿ, ಸಾಕು" ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲಿಗೆ ಗ್ಯಾರೇಜಿಗೆ ಹೋಗುವುದನ್ನೇ ನಿಲ್ಲಿಸಿದೆ. ಇಂಜಿನ್ ಮುಟ್ಟಬಾರದು, ಇಪ್ಪತ್ತು ವರ್ಷದ ರಬ್ಬರ್, ನೀರು, ವೈರ್ ಮೂರನ್ನೇ ನೋಡಬೇಕು ಎಂದು ಗಟ್ಟಿ ಮಾಡಿಕೊಂಡೆ. ಫೋರ್ಡ್, ಮಾರುತಿ ಯಾವುದೇ ಆಗಲಿ, ಇಷ್ಟು ವಯಸ್ಸಾದ ಗಾಡಿ ದಾರಿಯಲ್ಲಿ ನಿಲ್ಲುವುದು ಈ ಮೂರಕ್ಕೇ ಎಂಬುದು ನನ್ನ ನಂಬಿಕೆ.

ಮೊದಲು ಸಿಕ್ಕಿದ್ದು ಅರ್ಥ್ ವೈರ್. ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಒಂದು ಗೆರೆ ಏರುತ್ತಿತ್ತು. ಲೈಟ್ ಹಾಕಿದ್ದಕ್ಕೆ ಇಂಜಿನ್ ಬಿಸಿಯಾಗುತ್ತದೆಯೇ? ಇಲ್ಲ ಅಲ್ವಾ. ಇಂಜಿನ್‌ನಿಂದ ಬಾಡಿಗೆ ಹೋಗುವ ಪಟ್ಟಿ ಹಸಿರುಗಟ್ಟಿ ಅರ್ಧ ಎಳೆ ಕಡಿದಿತ್ತು. ಹೊಸದು ಹಾಕಿ, ಬ್ಯಾಟರಿಯಿಂದ ಇನ್ನೊಂದು ದಪ್ಪ ವೈರ್ ಎಳೆದೆ. ಖರ್ಚು 600 ರೂಪಾಯಿ. ಮುಳ್ಳು ಸುಳ್ಳು ಹೇಳುವುದನ್ನು ಬಿಟ್ಟಿತು. ಆದರೂ ನಂಬಿಕೆ ಸಾಲದೆ, ರೇಡಿಯೇಟರಿನ ಮೇಲಿನ ಹೋಸ್‌ಗೆ ಬಿಸಿ ಅಳೆಯುವ ಒಂದು ಬೇರೆ ಪ್ರೋಬ್ ಹಾಕಿ, ಡಿಗ್ರಿ ತೋರಿಸುವ ಮೀಟರ್ ಡ್ಯಾಶ್ ಮೇಲೆ ಕೂರಿಸಿದೆ.

ನಿಜವಾದ ಕಳ್ಳ ಸಿಕ್ಕಿದ್ದು ಆಮೇಲೆ. ರೇಡಿಯೇಟರ್ ಫ್ಯಾನಿಗೆ ಎರಡು ಸ್ಪೀಡ್. ನಿಧಾನದ ಸ್ಪೀಡಿಗೆ ಕರೆಂಟ್ ಕಡಿಮೆ ಮಾಡುವ ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟಿತ್ತು. ಹಾಗಾಗಿ ಮೊದಲ ಸ್ಪೀಡ್ ಬರುತ್ತಲೇ ಇರಲಿಲ್ಲ. ಎರಡನೇ ಸ್ಪೀಡ್ ಬರುವಷ್ಟರಲ್ಲಿ ನೀರು ಆಗಲೇ ಕುದಿಯುವ ಹತ್ತಿರ. ಕೇಳಿದವರೆಲ್ಲ, "ಫ್ಯಾನ್ ಡೈರೆಕ್ಟ್ ಮಾಡಿ ಸ್ವಿಚ್ ಕೊಡ್ತೀನಿ" ಎಂದರು. ನಾನು ಒಪ್ಪಲಿಲ್ಲ. ಸ್ವಿಚ್ ಹಾಕುವುದನ್ನು ಒಂದು ದಿನ ಮರೆತರೆ ಇಂಜಿನ್ ಗತಿ ಏನು? ಹೊಸ ರೆಸಿಸ್ಟರ್ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರನೇ ಓಡಾಟಕ್ಕೆ ಸಿಕ್ಕಿತು. ಸುಮಾರು 900 ರೂಪಾಯಿ. ಬಸ್ ಚಾರ್ಜೇ ಅದಕ್ಕಿಂತ ಜಾಸ್ತಿ ಆಯಿತು.

ಆಮೇಲೆ ಥರ್ಮೋಸ್ಟ್ಯಾಟ್ ವಾಪಸ್ ಹಾಕಿದೆ. 87 ಡಿಗ್ರಿ ಸುತ್ತ ತೆರೆಯುವಂಥದ್ದು. ಹಾಕುವ ಮುಂಚೆ ಪಾತ್ರೆ ನೀರಲ್ಲಿ ಕುದಿಸಿ, ತೆರೆಯುವುದನ್ನು ಕಣ್ಣಾರೆ ನೋಡಿದೆ. ಮೂರು ತಂದಿದ್ದೆ, ಅದರಲ್ಲಿ ಒಂದು ಅರ್ಧ ತೆರೆದು ಅಲ್ಲೇ ನಿಂತಿತು. ಅಂಗಡಿಯಿಂದ ತಂದದ್ದೆಲ್ಲ ಸರಿ ಇರುತ್ತದೆ ಎಂದುಕೊಳ್ಳಬೇಡಿ. ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಟ್ಯಾಂಕಿನ ಮುಚ್ಚಳವನ್ನೂ ಹೊಸದು ಹಾಕಿ. ಅದು ಪ್ರೆಶರ್ ಹಿಡಿಯದಿದ್ದರೆ ನೀರು ಬೇಗ ಕುದಿಯುತ್ತದೆ. ನನ್ನ ಹಳೆ ಮುಚ್ಚಳದ ವಾಷರ್ ಕಲ್ಲಾಗಿತ್ತು. ನಲ್ಲಿ ನೀರು, ಬೋರ್ ನೀರು ಬೇಡವೇ ಬೇಡ. ನಮ್ಮ ಕಡೆ ಬೋರ್ ನೀರು ಗಡಸು, ರೇಡಿಯೇಟರ್ ಒಳಗೆ ಸುಣ್ಣ ಕಟ್ಟುತ್ತದೆ. ಹಳೆಯದನ್ನು ಕೊಯ್ದು ನೋಡಿದೆ, ಮೂರರಲ್ಲಿ ಒಂದು ಕೊಳವೆ ಮುಚ್ಚಿತ್ತು.

ಹೋಸ್‌ಗಳದ್ದು ದೊಡ್ಡ ಕಥೆ. ರೇಡಿಯೇಟರಿನ ಕೆಳಗಿನ ಹೋಸ್ ಎಲ್ಲೂ ಇಲ್ಲ. ಕೊನೆಗೆ ಬೇರೆ ಒಂದು ಗಾಡಿಯ ಹೋಸ್ ತಂದು ಎರಡು ಇಂಚು ಕತ್ತರಿಸಿದೆ. ಅಚ್ಚುಕಟ್ಟಾಗಿ ಕೂತಿತು. ಯಾವ ಗಾಡಿಯದ್ದು ಅಂತ ಮಾತ್ರ ಇಲ್ಲಿ ಬರೆಯುವುದಿಲ್ಲ. ಸ್ಟಾಕ್ ಕಡಿಮೆ ಇದೆ, ನನಗೆ ಇನ್ನೆರಡು ಬೇಕು. ಕೂಲೆಂಟ್ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯುವ ವಿಚಾರದಲ್ಲೂ ಒಂದು ಉಪಾಯ ನನ್ನ ಹತ್ತಿರವೇ ಇರಲಿ. ಬ್ಲೀಡ್ ಸ್ಕ್ರೂ ಬಿಚ್ಚುವುದು ಎಲ್ಲರಿಗೂ ಗೊತ್ತು. ಗಾಡಿ ಯಾವ ಕಡೆ ಎತ್ತಿ ನಿಲ್ಲಿಸಬೇಕು ಎಂಬುದನ್ನು ಕಂಡುಕೊಳ್ಳಲು ನನಗೆ ಐದು ಭಾನುವಾರ ಬೇಕಾಯಿತು.

ಪೆಟ್ರೋಲ್ ಪೈಪ್‌ಗಳನ್ನೂ ಬದಲಿಸಿದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲ್. 2002ರ ರಬ್ಬರ್ ಅದಕ್ಕಾಗಿ ಮಾಡಿದ್ದಲ್ಲ. ಕೈಯಲ್ಲಿ ಬಗ್ಗಿಸಿದಾಗ ಬಿರುಕು ಕಂಡಿತು. ಎಥನಾಲ್ ತಡೆಯುವ ಹೋಸ್ ಮೀಟರಿಗೆ 700 ಕೊಟ್ಟೆ. ಬೆಂಕಿಯ ವಿಷಯ, ಅಲ್ಲಿ ಉಳಿಸಲು ಹೋಗಬಾರದು.

ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ಮಾಡುವ ಟೈಮಿಂಗ್ ಬೆಲ್ಟ್ ಒಂದನ್ನು ಮಾತ್ರ ನಾನು ಬದಲಿಸಲಿಲ್ಲ. ಕ್ಯಾಮ್ (ವಾಲ್ವ್ ಒತ್ತುವ ದಂಡ) ಲಾಕ್ ಮಾಡುವ ಟೂಲ್ ಇಲ್ಲದೆ ಕೈ ಹಾಕಬೇಡಿ. ಬೆಲ್ಟ್ ಒಂದು ಹಲ್ಲು ಹಾರಿ ವಾಲ್ವ್ ಬಗ್ಗಿದರೆ ಮತ್ತೆ ಹೆಡ್ ಬಿಚ್ಚಬೇಕು. ಹುಬ್ಬಳ್ಳಿಗೆ ಹೋಗಿ, ವಾಟರ್ ಪಂಪ್ ಸೇರಿಸಿ 9,000ಕ್ಕೆ ಮುಗಿಸಿದೆ. ಟೈರ್ ನಾಲ್ಕು, ಲೋವರ್ ಆರ್ಮ್ ಬುಷ್, ಬ್ರೇಕ್ ಹೋಸ್, ಒಳ್ಳೆ ರೇಡಿಯೇಟರ್ ಎಲ್ಲ ಸೇರಿ 75,000 ಮುಟ್ಟಿತು. ವ್ಯರ್ಥ ಮಾಡಿದ್ದು ಬೇರೆ.

ನಡುವೆ ಒಂದು ಪ್ರಯೋಗ. ಬಾನೆಟ್ಟಿನ ಹಿಂದಿನ ಅಂಚನ್ನು ವಾಷರ್ ಹಾಕಿ ಎತ್ತಿದರೆ ಬಿಸಿಗಾಳಿ ಹೊರಗೆ ಹೋಗುತ್ತದೆ ಎಂದು ಹುಡುಗರು ಹೇಳುತ್ತಾರೆ. ಸಂದಿನ ಉದ್ದಕ್ಕೂ ಹೊಲಿಗೆ ದಾರ ಅಂಟಿಸಿದೆ. ಹರಿಹರದ ಕಡೆ 80ರಲ್ಲಿ ಓಡಿಸಿದಾಗ ಪಕ್ಕದಲ್ಲಿ ಕೂತ ಮಗಳು, "ಅಪ್ಪಾ, ದಾರ ಒಳಗೆ ಹೋಗ್ತಿದೆ" ಎಂದಳು. ಗಾಜಿನ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚು, ಬಿಸಿ ಹೊರಗೆ ಬರುವ ಬದಲು ಗಾಳಿ ಒಳಗೇ ನುಗ್ಗುತ್ತದೆ. ನಿಂತಾಗ ಒಂದೆರಡು ಡಿಗ್ರಿ ಇಳಿಯಿತು, ಓಡುವಾಗ ಲಾಭವಿಲ್ಲ. ಅದೇ ಸಂಜೆ ವಾಷರ್ ತೆಗೆದೆ.

ಹೊರಡುವ ಮುಂಚೆ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸಿದೆ. ಮೊದಲು ಹರಿಹರ. ಆಮೇಲೆ ಚಿತ್ರದುರ್ಗ. ಆಮೇಲೆ ಏಪ್ರಿಲ್ ಮಧ್ಯಾಹ್ನ ಹಿರಿಯೂರಿಗೆ ಹೋಗಿ ಬಂದೆ, 200 ಕಿಲೋಮೀಟರ್, ಎ.ಸಿ. ಹಾಕಿಕೊಂಡೇ. ಭರಮಸಾಗರದ ಹತ್ತಿರ ಮೀಟರ್ 104 ತೋರಿಸಿ ಎದೆ ಧಸಕ್ಕೆಂದಿತು. ನಿಲ್ಲಿಸಿ ನೋಡಿದರೆ ಹೀಟರ್ ಹೋಸಿನ ಕ್ಲಿಪ್ ಸಡಿಲ, ಕೂಲೆಂಟ್ ಕಡಿಮೆಯಾಗಿತ್ತು. ಇಂಥದ್ದು ಮನೆಯ ಹತ್ತಿರವೇ ಆಗಲಿ ಎಂದೇ ಈ ಓಡಾಟ. ಎಲ್ಲ ಕ್ಲಿಪ್ ಬದಲಿಸಿ, ಮುಂದಿನ ವಾರ ಮತ್ತೆ ಹಿರಿಯೂರಿಗೆ ಹೋದೆ. 92 ದಾಟಲಿಲ್ಲ.

ಪ್ರಯಾಣದಲ್ಲಿ ಹೇಳುವಂಥದ್ದು ಕಡಿಮೆ. ಹೊಸೂರು, ಸೇಲಂ, ಮಧುರೈ ದಾರಿ. ಧರ್ಮಪುರಿ ದಾಟಿದ ಮೇಲೆ ತೊಪ್ಪೂರು ಇಳಿಜಾರಿನಲ್ಲಿ ಮೂರನೇ ಗೇರಿನಲ್ಲೇ ಇಳಿದೆ. ಕೇರಳದಲ್ಲಿ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು, ಒಂದು ಕಡೆ ಮುಕ್ಕಾಲು ಗಂಟೆ ನಿಂತೆವು. ಹೊರಗೆ ಬೆವರು ಸುರಿಯುವ ಸೆಕೆ. 97ಕ್ಕೆ ಫ್ಯಾನ್ ಮೊದಲ ಸ್ಪೀಡಿನಲ್ಲಿ ತಿರುಗಿತು, 91ಕ್ಕೆ ಇಳಿದು ನಿಂತಿತು. ಮತ್ತೆ ತಿರುಗಿತು, ಮತ್ತೆ ನಿಂತಿತು. ಆ ಸದ್ದು ಕೇಳುತ್ತಾ ನನ್ನ ಕಣ್ಣು ತುಂಬಿತು. ಆಗುಂಬೆಯ 14 ತಿರುವುಗಳನ್ನು ಮಧ್ಯಾಹ್ನ ಎರಡನೇ ಗೇರಿನಲ್ಲಿ ಹತ್ತಿದೆವು. ಮೇಲೆ ತಲುಪಿದಾಗ 95.

ಪೆಟ್ರೋಲಿಗೆ 18,000 ಹತ್ತಿರ ಆಯಿತು. ಮೈಲೇಜ್ 11ರ ಮೇಲೆ. ಮರುದಿನ ಬೆಳಿಗ್ಗೆ ತಣ್ಣಗಾದ ಮೇಲೆ ಕೂಲೆಂಟ್ ನೋಡಿದೆ, ಹೊರಟಾಗ ಹಾಕಿದ ಗೆರೆಯಲ್ಲೇ ಇತ್ತು. ಥರ್ಮೋಸ್ಟ್ಯಾಟ್ ತೆಗೆಯಲು ಹೇಳಿದ್ದ ಅದೇ ಮೆಕ್ಯಾನಿಕ್ ಮನೆಗೆ ಬಂದು ಬಾನೆಟ್ ಎತ್ತಿಸಿ ನೋಡಿದರು. "ಕೆಳಗಿನ ಹೋಸ್ ಯಾವುದ್ರಿ ಅಣ್ಣಾ ಇದು?" ಎಂದು ಕೇಳಿದರು. ಅವರಿಗೂ ಹೇಳಲಿಲ್ಲ. ಈಗ ಹಿಂದಿನ ಬಲಗಡೆ ಶಾಕ್‌ನಿಂದ ಗುಂಡಿಯಲ್ಲಿ ಒಂದು ಸದ್ದು ಬರುತ್ತಿದೆ. ಈ ಭಾನುವಾರ ಅದನ್ನು ಬಿಚ್ಚಬೇಕು.