ಮುಂಬೈಯ ಹೋಲ್‌ಸೇಲ್ ಅಂಗಡಿಯಲ್ಲಿ ನಿಜವಾಗಿ ಅಗ್ಗದ ಮಾಲು ಹುಡುಕುವುದು ಹೇಗೆ

ಹೋಲ್‌ಸೇಲ್ ಅಂಗಡಿಯ ಸದಸ್ಯತ್ವದ ಕಾರ್ಡ್ ಇದ್ದರೆ ಸಾಕು, ದುಡ್ಡು ತಾನಾಗಿ ಉಳಿಯುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಕಿಲೋ ಲೆಕ್ಕ ಹಾಕಿ ತಂದರೆ ಉಳಿಯುತ್ತದೆ. ತಂದದ್ದು ಹುಳ ಹಿಡಿಯುವ ಮೊದಲು ಮುಗಿದರೆ ಉಳಿಯುತ್ತದೆ. ಇವೆರಡು ಸರಿಯಾಗದಿದ್ದರೆ ಮನೆ ಕೆಳಗಿನ ಕಿರಾಣಿ ಅಂಗಡಿಯೇ ಮೇಲು. ನಾನು ಡೊಂಬಿವಲಿಯಲ್ಲಿ ಮನೆಯಿಂದಲೇ ಊಟ, ತಿಂಡಿಯ ಆರ್ಡರ್ ತೆಗೆದುಕೊಳ್ಳುತ್ತೇನೆ. ಹಾಗಾಗಿ ಮನೆಗೂ ಕೆಲಸಕ್ಕೂ ಸೇರಿಸಿ ದಿನಸಿ ತರುವುದು ನನ್ನ ಪಾಲಿನ ಕೆಲಸ. ನಾನು ಮಾಡುವ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾರ್ಡ್ ವಿಷಯ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರು ಕಾಸ್ಟ್‌ಕೋ ಅನ್ನುವ ಹೋಲ್‌ಸೇಲ್ ಅಂಗಡಿ ಬಗ್ಗೆ ಹೇಳುತ್ತಾರಲ್ಲ, ಅಲ್ಲಿ ವರ್ಷಕ್ಕೆ 65 ಡಾಲರ್ ಕಟ್ಟಿದರೆ ಯಾರು ಬೇಕಾದರೂ ಸದಸ್ಯರಾಗಬಹುದು. ನಮ್ಮಲ್ಲಿ ಪದ್ಧತಿ ಬೇರೆ. ಮೆಟ್ರೋ ಅನ್ನುವ ಹೋಲ್‌ಸೇಲ್ ಅಂಗಡಿ 2003ರಲ್ಲಿ ಬೆಂಗಳೂರಿನಿಂದ ಶುರುವಾಗಿ ಮುಂಬೈಗೂ ಬಂತು, 2023ರಲ್ಲಿ ರಿಲಯನ್ಸ್ ಕೈಗೆ ಹೋಯಿತು. ದುಡ್ಡು ಕೊಟ್ಟು ಮಾಲನ್ನು ನಾವೇ ಒಯ್ಯುವ ಇಂಥ ಕ್ಯಾಶ್ ಅಂಡ್ ಕ್ಯಾರಿ ಅಂಗಡಿಗಳು ಹುಟ್ಟಿದ್ದೇ ವ್ಯಾಪಾರಿಗಳಿಗಾಗಿ. ಕಾರ್ಡ್ ಮಾಡಿಸಲು ಗುಮಾಸ್ತಾ ಲೈಸೆನ್ಸ್ (ಅಂಗಡಿ ನಡೆಸುವ ನೋಂದಣಿ), ಜಿಎಸ್‌ಟಿ ನೋಂದಣಿ, ಫುಡ್ ಲೈಸೆನ್ಸ್ ಇಂಥ ಕಾಗದಗಳನ್ನು ಕೇಳುತ್ತಾರೆ. ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ಮಾರುವವರೂ ಹೇಗಿದ್ದರೂ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಲೇಬೇಕು. ಆ ಕಾಗದ ಕೈಯಲ್ಲಿದ್ದರೆ ಹೋಗಿ ವಿಚಾರಿಸಿ.

ಹೋಟೆಲ್ ನಡೆಸುವ ಮಾವನದೋ ಭಾವನದೋ ಕಾರ್ಡ್ ತೆಗೆದುಕೊಂಡು ಹೋಗುವ ಅಭ್ಯಾಸ ನಮ್ಮ ಜನರಲ್ಲಿ ಜಾಸ್ತಿ. ದಯವಿಟ್ಟು ಯೋಚಿಸಿ. ಕಾರ್ಡಿಗೆ ಜಿಎಸ್‌ಟಿ ನಂಬರ್ ಜೋಡಿಸಿದ್ದರೆ ನೀವು ಮಾಡಿದ ಬಿಲ್ ಅವರ ಹೆಸರಿನಲ್ಲೇ ದಾಖಲಾಗುತ್ತದೆ. ಮನೆ ಬಳಕೆಗೆ ತಂದ ಸಾಮಾನಿನ ಮೇಲೆ ಅವರು ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಿಂದ ಕಳೆಯುವುದು) ತೆಗೆದುಕೊಳ್ಳುವ ಹಾಗಿಲ್ಲ. ನಾಳೆ ಲೆಕ್ಕ ಕೇಳಿದರೆ ಉತ್ತರ ಕೊಡಬೇಕಾದವರೂ ಅವರೇ. ಹೋಟೆಲಿನವರಿಗೂ ಒಂದು ಮಾತು. 5% ಜಿಎಸ್‌ಟಿಯಲ್ಲಿರುವ ಸಾಮಾನ್ಯ ಹೋಟೆಲಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದೇ ಇಲ್ಲ. ಆದ್ದರಿಂದ ನೀವು ಬೆಲೆ ಹೋಲಿಸುವಾಗ ಟ್ಯಾಕ್ಸ್ ಸೇರಿಸಿದ ಬೆಲೆಯನ್ನೇ ಹೋಲಿಸಬೇಕು.

ಕಾರ್ಡ್ ಇಲ್ಲದಿದ್ದರೆ ಬೇಜಾರು ಬೇಡ. 2002ರಲ್ಲಿ ಪವಾಯಿಯಲ್ಲಿ ಮೊದಲ ಅಂಗಡಿ ತೆರೆದ ಡಿಮಾರ್ಟ್ ಈಗ ಮುಂಬೈ ಸುತ್ತಮುತ್ತ ಎಲ್ಲ ಕಡೆ ಇದೆ, ಅಲ್ಲಿ ಸದಸ್ಯತ್ವ ಬೇಕಿಲ್ಲ. ಕಾರ್ಡ್ ಇರುವ ನಾನು ಕೂಡ ಡಿಮಾರ್ಟ್ ಬೆಲೆಯನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ಹೊರಡುವ ಮೊದಲು ಡಿಮಾರ್ಟ್ ರೆಡಿ ಆ್ಯಪ್ ತೆಗೆದು, ನಮ್ಮ ಮನೆಯಲ್ಲಿ ತಪ್ಪದೆ ಖರ್ಚಾಗುವ ಸಾಮಾನುಗಳ ಬೆಲೆ ನೋಡಿ ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ತೊಗರಿಬೇಳೆ, ಉದ್ದಿನಬೇಳೆ, ಇಡ್ಲಿ ಅಕ್ಕಿ, ಎಣ್ಣೆ, ತುಪ್ಪ, ಬೆಲ್ಲ, ಕಾಫಿ ಪುಡಿ, ಬಟ್ಟೆ ಸೋಪಿನ ಪುಡಿ, ಇಷ್ಟೇ. ಪ್ಯಾಕೆಟ್ ಬೆಲೆ ಬರೆಯಬೇಡಿ, ಕಿಲೋ ಬೆಲೆ ಬರೆಯಿರಿ. ಈ ಪಟ್ಟಿ ಕೈಯಲ್ಲಿಲ್ಲದೆ ಹೋದರೆ ದೊಡ್ಡ ಅಕ್ಷರದ ಆಫರ್ ಬೋರ್ಡ್ ಎಲ್ಲವೂ ಅಗ್ಗವಾಗಿಯೇ ಕಾಣುತ್ತದೆ, ಅಲ್ವಾ?

ಈಗ ಪ್ಯಾಕೆಟ್ ಮೇಲೆ ಎಂಆರ್‌ಪಿ ಜೊತೆಗೆ ಯೂನಿಟ್ ಬೆಲೆಯನ್ನೂ ಅಚ್ಚು ಹಾಕಬೇಕು ಅಂತ ನಿಯಮ ಇದೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಆದರೆ ಒಂದು ತೊಡಕು ಇದೆ. ಕಿಲೋಗಿಂತ ಚಿಕ್ಕ ಪ್ಯಾಕೆಟ್ ಮೇಲೆ ಗ್ರಾಂಗೆ ಇಷ್ಟು ಅಂತ ಇರುತ್ತದೆ, ಕಿಲೋಗಿಂತ ದೊಡ್ಡದರ ಮೇಲೆ ಕಿಲೋಗೆ ಇಷ್ಟು ಅಂತ ಇರುತ್ತದೆ. ಒಂದರಲ್ಲಿ 0.42, ಇನ್ನೊಂದರಲ್ಲಿ 405. ಗ್ರಾಂ ಬೆಲೆಯನ್ನು ಸಾವಿರದಿಂದ ಗುಣಿಸಿದರೆ 420 ಆಯಿತು, ಆಗ ಎರಡನ್ನೂ ಹೋಲಿಸಬಹುದು. ಅದೂ ಅಲ್ಲದೆ ಅದು ಎಂಆರ್‌ಪಿ ಮೇಲಿನ ಲೆಕ್ಕ, ಅಂಗಡಿ ಕೊಡುವ ಬೆಲೆಯದ್ದಲ್ಲ. ರಿಯಾಯಿತಿ ಕಳೆದು ನೀವೇ ಮತ್ತೊಮ್ಮೆ ಭಾಗಿಸಬೇಕು. ದೊಡ್ಡ ಪ್ಯಾಕ್ ಯಾವಾಗಲೂ ಅಗ್ಗ ಅನ್ನುವುದೂ ಸುಳ್ಳು. ಶ್ಯಾಂಪೂ ನೋಡಿ. ಎಷ್ಟೋ ಬ್ರ್ಯಾಂಡ್‌ಗಳಲ್ಲಿ ದೊಡ್ಡ ಬಾಟಲಿಗಿಂತ ಸ್ಯಾಶೆಯ ಸರವೇ ಎಂಎಲ್ ಲೆಕ್ಕದಲ್ಲಿ ಕಡಿಮೆಗೆ ಬೀಳುತ್ತದೆ.

ಎಣ್ಣೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಜಾಸ್ತಿ ದುಡ್ಡು ಹೋಗುವುದು ಇಲ್ಲೇ. ಅಂಗಡಿಯಲ್ಲಿ ಎರಡು ಟಿನ್ ಪಕ್ಕಪಕ್ಕ ಇರುತ್ತವೆ, ನೋಡಲು ಹೆಚ್ಚು ಕಡಿಮೆ ಒಂದೇ ಥರ. ಒಂದು 15 ಲೀಟರ್, ಇನ್ನೊಂದು 15 ಕಿಲೋ. ಅಡುಗೆ ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಆದ್ದರಿಂದ 15 ಲೀಟರ್ ಟಿನ್ನಿನಲ್ಲಿ ಇರುವುದು 13.65 ಕಿಲೋ. ಲೆಕ್ಕಕ್ಕೆ ಲೀಟರ್ ಟಿನ್ 2,100 ರೂಪಾಯಿ, ಕಿಲೋ ಟಿನ್ 2,250 ರೂಪಾಯಿ ಅಂತ ಇಟ್ಟುಕೊಳ್ಳಿ. 150 ರೂಪಾಯಿ ಉಳಿಯಿತು ಅಂತ ಮೊದಲನೆಯದಕ್ಕೆ ಕೈ ಹೋಗುತ್ತದೆ. ಭಾಗಿಸಿ ನೋಡಿದರೆ ಮೊದಲನೆಯದು ಕಿಲೋಗೆ ಸುಮಾರು 154, ಎರಡನೆಯದು 150. ಅಂದರೆ ಜಾಸ್ತಿ ಬೆಲೆ ಬರೆದಿರುವ ಟಿನ್ನೇ ಅಗ್ಗ. ಪೌಚ್ ಕೊಳ್ಳುವಾಗಲೂ ಹಾಗೆಯೇ, ಒಂದು ಲೀಟರಿನಂತೆ ಕಾಣುವ ಪೌಚ್ ಒಳಗೆ 850 ಗ್ರಾಮೋ 800 ಗ್ರಾಮೋ ಇರುವುದುಂಟು. ತೂಕ ಓದದೆ ಗಾಡಿಗೆ ಹಾಕಬೇಡಿ.

ಅಕ್ಕಿ ಮೂಟೆಯಲ್ಲಿ ಇನ್ನೊಂದು ಲೆಕ್ಕ. 26 ಕಿಲೋ, 30 ಕಿಲೋ ಮೂಟೆ ಯಾಕೆ ಬಂತು ಅಂತ ಗಮನಿಸಿದ್ದೀರಾ? 2022ರ ಜುಲೈ 18ರಿಂದ ಲೇಬಲ್ ಹಚ್ಚಿ ಪ್ಯಾಕ್ ಮಾಡಿದ ಅಕ್ಕಿ, ಬೇಳೆ, ಹಿಟ್ಟಿಗೆ 5% ಜಿಎಸ್‌ಟಿ ಬಂತು, ಅದು 25 ಕಿಲೋವರೆಗಿನ ಪ್ಯಾಕಿಗೆ ಮಾತ್ರ. ಅದಕ್ಕಿಂತ ದೊಡ್ಡದಕ್ಕೆ ಇಲ್ಲ, ಬಿಡಿಯಾಗಿ ತೂಗಿ ಕೊಡುವ ಅಕ್ಕಿಗೂ ಇಲ್ಲ. ಹಾಗಾಗಿ ಅದೇ ಅಕ್ಕಿ 25ರ ಮೂಟೆಯಲ್ಲೂ 26ರ ಮೂಟೆಯಲ್ಲೂ ಸಿಗುತ್ತಿದ್ದರೆ ಎರಡರ ಕಿಲೋ ಬೆಲೆಯನ್ನು ಖಂಡಿತ ಕೇಳಿ. ಮನೆಯಲ್ಲಿ ದಿನವೂ ದೋಸೆ, ಇಡ್ಲಿ, ಎರಡು ಹೊತ್ತು ಅನ್ನ ಇದ್ದರೆ ಮೂಟೆ ಮುಗಿಯುತ್ತದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಗೆ ಬೇಡ.

ಬೆಲೆ ಚೀಟಿಯಲ್ಲಿ ಎರಡು ಬೆಲೆ ಇದ್ದರೆ ದೊಡ್ಡ ಅಕ್ಷರದ್ದು ಟ್ಯಾಕ್ಸ್ ಸೇರಿಸಿದ್ದೋ ಸೇರಿಸದ್ದೋ ನೋಡಿಕೊಳ್ಳಿ. ಒಂದು ತೆಗೆದುಕೊಂಡರೆ ಒಂದು ಬೆಲೆ, ಆರು ತೆಗೆದುಕೊಂಡರೆ ಇನ್ನೊಂದು ಅನ್ನುವ ಪದ್ಧತಿಯೂ ಇದೆ. ಆ ಆರರ ಬೆಲೆಯನ್ನೇ ನಿಮ್ಮ ಪಟ್ಟಿಯ ಜೊತೆ ಹೋಲಿಸಿ.

ಏನು ತರಬೇಕು, ಏನು ಬಿಡಬೇಕು? ಕೆಡದೆ ಇರುವ ಸಾಮಾನು ಯಾವಾಗಲೂ ಲಾಭ. ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್‌ನ 5 ಲೀಟರ್ ಕ್ಯಾನ್, ಫಿನಾಯಿಲ್, ಕಸದ ಚೀಲ, ಫಾಯಿಲ್, ಸತ್ಯನಾರಾಯಣ ಪೂಜೆಗೆ ಬೇಕಾಗುವ ತಟ್ಟೆ, ಲೋಟ ಇವುಗಳಲ್ಲಿ ಅಂಗಡಿಯ ಸ್ವಂತ ಬ್ರ್ಯಾಂಡ್ ಧೈರ್ಯವಾಗಿ ತೆಗೆದುಕೊಳ್ಳಿ. ತುಪ್ಪ, ಗೋಡಂಬಿ, ದ್ರಾಕ್ಷಿ ಹಬ್ಬದ ಮೊದಲು ತಂದರೆ ಒಳ್ಳೆಯದು. ಫ್ರಿಜ್‌ನಲ್ಲಿ ಜಾಗ ಇದ್ದರೆ ಗೋಡಂಬಿ ಅಲ್ಲೇ ಇಡಿ, ಕಮಟು ಬರುವುದಿಲ್ಲ. ರವೆ, ಕಡಲೆಹಿಟ್ಟು, ಗೋಧಿಹಿಟ್ಟು, ಮಸಾಲೆ ಪುಡಿ ದೊಡ್ಡ ಪ್ಯಾಕ್ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯ ಗಾಳಿಯಲ್ಲೇ ನೀರು ಇರುತ್ತದೆ, ಡಬ್ಬಿ ಮುಚ್ಚಳ ಎಷ್ಟು ಬಿಗಿ ಹಾಕಿದರೂ ರವೆಯಲ್ಲಿ ಹುಳ ಬರುತ್ತದೆ. ಮಳೆಗಾಲದಲ್ಲಿ ತಂದೇಬಿಟ್ಟಿದ್ದರೆ ಹುರಿದು, ಪೂರ್ತಿ ಆರಿಸಿ ಡಬ್ಬಿಗೆ ತುಂಬಿ. ಬಿಸ್ಕತ್ತು, ಚಿಪ್ಸ್ ದೊಡ್ಡ ಪ್ಯಾಕ್ ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲಿ ಜಾಸ್ತಿ ಇದ್ದರೆ ಮಕ್ಕಳು ಜಾಸ್ತಿ ತಿನ್ನುತ್ತಾರೆ, ಉಳಿತಾಯ ಎಲ್ಲಿಂದ ಬಂತು?

ಬೇಳೆ, ಮೆಣಸಿನಕಾಯಿ ಕೊಳ್ಳಲು ಕಾಲ ನೋಡಬೇಕು. ಹೊಸ ತೊಗರಿ ಡಿಸೆಂಬರ್‌ನಿಂದ ಮಾರುಕಟ್ಟೆಗೆ ಬರಲು ಶುರುವಾಗುತ್ತದೆ, ನಮ್ಮ ಕಲಬುರಗಿ ಕಡೆಯದೂ ಆಗಲೇ. ಬ್ಯಾಡಗಿ ಮೆಣಸಿನಕಾಯಿ ಜನವರಿ ನಂತರ. ವರ್ಷದ ಸಾರಿನ ಪುಡಿ, ಸಾಂಬಾರು ಪುಡಿ ಮಾಡುವವರು ಏಪ್ರಿಲ್ ಒಳಗೆ ಕೊಂಡು, ಬಿಸಿಲಿಗೆ ಹಾಕಿ, ಮಳೆ ಬರುವ ಮೊದಲು ಪುಡಿ ಮಾಡಿಸಿ ಇಡುವುದು ಉತ್ತಮ. ಇದಕ್ಕೆ ಎಸಿ ಅಂಗಡಿ ಬೇಡ, ವಾಶಿಯ ಎಪಿಎಂಸಿ ಮಸಾಲಾ ಮಾರ್ಕೆಟ್‌ಗೆ ಹೋಗಿ. ಒಂದೇ ಗಾಳಾದಲ್ಲಿ (ಮಾರ್ಕೆಟ್ಟಿನ ಮಳಿಗೆ) ಕೇಳಿ ಕೊಂಡುಬಿಡಬೇಡಿ, ನಾಲ್ಕಾರು ಗಾಳಾ ತಿರುಗಿ. ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ಒಳ್ಳೆಯ ಬ್ಯಾಡಗಿ ಸಿಪ್ಪೆ ಸುಕ್ಕುಸುಕ್ಕಾಗಿ, ಕಡು ಕೆಂಪಾಗಿ ಇರುತ್ತದೆ. ಅಲ್ಲಾಡಿಸಿದರೆ ಬೀಜದ ಸದ್ದು ಬಂದರೆ ಚೆನ್ನಾಗಿ ಒಣಗಿದೆ ಅಂತ. ಮೆತ್ತಗೆ ಬಾಗಿದರೆ ಅದರಲ್ಲಿ ತೇವ ಇದೆ, ನೀವು ನೀರಿಗೂ ದುಡ್ಡು ಕೊಡುತ್ತಿದ್ದೀರಿ, ಜೊತೆಗೆ ಬೂಷ್ಟು ಬರುವ ಭಯ ಬೇರೆ. ಒಂದೆರಡನ್ನು ಮುರಿದು ಒಳಗೆ ಕಪ್ಪು ಇಲ್ಲ ಅಂತ ನೋಡಿ. ಕುಟ್ಟಿಸುವುದಕ್ಕೆ ಲಾಲ್‌ಬಾಗ್‌ನ ಮಿರ್ಚಿ ಗಲ್ಲಿ ಇದ್ದೇ ಇದೆ, ಆ ಕಡೆ ಇರುವವರಿಗೆ ಅನುಕೂಲ.

ಸಣ್ಣ ಮನೆಯವರಿಗೆ ಹೋಲ್‌ಸೇಲ್ ಬೆಲೆ ದಕ್ಕಬೇಕಾದರೆ ಹಂಚಿಕೊಳ್ಳಬೇಕು, ಬೇರೆ ದಾರಿ ಇಲ್ಲ. ನಮ್ಮ ಸೊಸೈಟಿಯಲ್ಲಿ ಪಕ್ಕದ ವಿಂಗ್‌ನ ಅಕ್ಕ, ಕೆಳಗಿನ ಮಹಡಿಯ ಮರಾಠಿ ವಹಿನಿ, ನಾನು, ಮೂವರೂ ಸೇರಿ ಒಬ್ಬೊಬ್ಬರು ಏನು ಎಷ್ಟು ಅಂತ ಮೊದಲೇ ವಾಟ್ಸಾಪಿನಲ್ಲಿ ಬರೆದುಕೊಳ್ಳುತ್ತೇವೆ. ವಾಶಿಯಿಂದ ತಂದ ಮೂಟೆಯನ್ನು ನಮ್ಮ ಮನೆಯ ಹಾಲ್‌ನಲ್ಲಿ ಹಳೆ ಸೀರೆ ಹಾಸಿ ಸುರಿದು, ಡಿಜಿಟಲ್ ತಕ್ಕಡಿಯಲ್ಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ ತೂಗುತ್ತೇವೆ. ಟೆಂಪೋ ಬಾಡಿಗೆ, ಹಮಾಲಿ ಕೂಲಿ ಎಲ್ಲ ಸೇರಿಸಿ ಕಿಲೋ ಬೆಲೆ ಕಟ್ಟಿ ಅಂದೇ ಯುಪಿಐ ಮಾಡಿ ಮುಗಿಸುವುದು. ಬಾಕಿ ಇಡಬಾರದು, ಸ್ನೇಹ ಕೆಡುತ್ತದೆ. ಈ ಸಾಗಾಟದ ಖರ್ಚು ತುಂಬಾ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಬ್ಬರೇ ಟ್ಯಾಕ್ಸಿ ಮಾಡಿಕೊಂಡು ಹೋಗಿ ಹತ್ತು ಕಿಲೋ ಬೇಳೆ ತಂದರೆ ಉಳಿದದ್ದೆಲ್ಲ ಟ್ಯಾಕ್ಸಿಗೆ ಹೋಯಿತು. ಫ್ರೋಝನ್ ಬಟಾಣಿ, ಚೀಸ್, ಬೆಣ್ಣೆ ತರುವುದಿದ್ದರೆ ದಪ್ಪ ಕೂಲರ್ ಚೀಲ ಒಯ್ಯಿರಿ, ಕೊನೆಯಲ್ಲಿ ತೆಗೆದುಕೊಂಡು ನೇರ ಮನೆಗೆ ಬನ್ನಿ.

ಅವಧಿ ಮುಗಿಯುವ ಹತ್ತಿರ ಇರುವ ಮಾಲನ್ನು ಬೆಲೆ ಇಳಿಸಿ ಒಂದು ಮೂಲೆಯಲ್ಲಿ ಇಟ್ಟಿರುತ್ತಾರೆ. ಆ ವಾರ ಆರ್ಡರ್ ಇದ್ದರೆ ನನಗೆ ಪನ್ನೀರು, ಚೀಸು ಅಲ್ಲೇ ಸಿಗುತ್ತದೆ. ಮನೆಗಾದರೆ ಎರಡು ದಿನದಲ್ಲಿ ಮುಗಿಯುವಷ್ಟೇ ತನ್ನಿ. ಬೆಸ್ಟ್ ಬಿಫೋರ್ ದಾಟಿದರೆ ರುಚಿ, ಗರಿಗರಿ ಕಡಿಮೆಯಾಗಬಹುದು, ಆದರೆ ಎಕ್ಸ್‌ಪೈರಿ ಅಥವಾ ಯೂಸ್ ಬೈ ದಿನ ದಾಟಿದ್ದನ್ನು ಮುಟ್ಟಲೇಬೇಡಿ. ಮೂರು ಪ್ಯಾಕ್ ಕಟ್ಟಿದ ಆಫರ್‌ನಲ್ಲಿ ಮೂರರ ದಿನಾಂಕವನ್ನೂ ನೋಡಿ, ಮಧ್ಯದ್ದು ಹಳೆಯದಿರಬಹುದು.

ಹೋಗಲು ಒಳ್ಳೆಯ ಹೊತ್ತು ವಾರದ ಮಧ್ಯೆ ಬೆಳಿಗ್ಗೆ. ಜನವರಿ 26, ಆಗಸ್ಟ್ 15ರ ಸುತ್ತ ಆಫರ್ ಜಾಸ್ತಿ, ಜನವೂ ಜಾಸ್ತಿ. ಬಿಲ್ ಆದ ಮೇಲೆ ಗೇಟಿನ ಹತ್ತಿರ ಒಂದು ಬದಿಗೆ ನಿಂತು ಸಾಲು ಸಾಲಾಗಿ ಓದಿ. ಕೆಲವೊಮ್ಮೆ ಶೆಲ್ಫಿನ ಚೀಟಿಯಲ್ಲಿದ್ದ ಆಫರ್ ಬಿಲ್ಲಿನಲ್ಲಿ ಬಿದ್ದಿರುವುದಿಲ್ಲ, ಒಂದೇ ಸಾಮಾನು ಎರಡು ಸಲ ಸ್ಕ್ಯಾನ್ ಆಗಿರುತ್ತದೆ. ನಾನು ದುಬಾರಿ ಸಾಮಾನಿನ ಶೆಲ್ಫ್ ಚೀಟಿಯ ಫೋಟೋ ತೆಗೆದುಕೊಂಡಿರುತ್ತೇನೆ, ತೋರಿಸಿದರೆ ಕೌಂಟರಿನಲ್ಲೇ ಸರಿ ಮಾಡಿಕೊಡುತ್ತಾರೆ. ಎಂಆರ್‌ಪಿಗಿಂತ ಜಾಸ್ತಿ ತೆಗೆದುಕೊಂಡು ವಾಪಸ್ ಕೊಡಲು ಒಪ್ಪದಿದ್ದರೆ ಬಿಲ್ ಇಟ್ಟುಕೊಂಡು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.