ಓದಿದ್ದು, ಕೇಳಿದ್ದು, ನಿದ್ದೆ ಹೋದದ್ದು: ಮುಗಿಸಿದ ಪುಸ್ತಕದ ಬಗ್ಗೆ ಅಭಿಪ್ರಾಯ ಬರೆಯುವ ಬಗೆ

ಎರಡು ವರ್ಷದ ಹಿಂದೆ ನಮ್ಮ ಓದುಗರ ಕೂಟದಲ್ಲಿ, ಒಂದು ಕಾದಂಬರಿಯ ಉತ್ತರಾರ್ಧ ತೀರ ಸಡಿಲವಾಗಿದೆ, ನಡೆಯುವ ಘಟನೆಗಳಿಗೆ ಕಾರಣವೇ ಸಿಗುವುದಿಲ್ಲ ಎಂದು ನಾನು ಗಟ್ಟಿಯಾಗಿ ವಾದಿಸಿದ್ದೆ. ಆ ಕಾದಂಬರಿಯನ್ನು ನಾನು ಪುಸ್ತಕ ಹಿಡಿದು ಓದಿರಲಿಲ್ಲ. ಚರ್ಚ್‌ಗೇಟಿನಿಂದ ವಸಾಯಿಗೆ ಮರಳುವ ಲೋಕಲ್‌ನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿ ಮುಗಿಸಿದ್ದೆ. ಮುದ್ರಿತ ಪ್ರತಿಯನ್ನು ಓದಿದ್ದ ಹಿರಿಯರೊಬ್ಬರು, "ಹಾಗಾದರೆ ತಂದೆ ಬರೆದ ಪತ್ರ ಸಿಕ್ಕಿದ್ದು ನಿಮಗೆ ಕಾರಣವೆನಿಸಲಿಲ್ಲವೇ?" ಎಂದು ಕೇಳಿದಾಗ ನನಗೆ ಯಾವ ಪತ್ರವೂ ನೆನಪಿಗೆ ಬರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಕೊನೆಯ 5 ಸಂಜೆಗಳಲ್ಲಿ ಬೊರಿವಲಿ ದಾಟಿದ ಮೇಲೆ ನಾನು ತೂಕಡಿಸಿದ್ದೆ. ದಿನಕ್ಕೆ 20 ನಿಮಿಷವೆಂದರೂ 100 ನಿಮಿಷದ ಕಥೆ, ಆ ಪತ್ರವನ್ನೂ ಹೊತ್ತುಕೊಂಡು, ನನ್ನ ಕಿವಿಯಿಂದಲೇ ಹಾದು ಹೋಗಿತ್ತು. ಸಡಿಲವಾಗಿದ್ದದ್ದು ನನ್ನ ಕತ್ತು.

ಅಂದಿನಿಂದ ಯಾವುದೇ ಪುಸ್ತಕದ ಬಗ್ಗೆ ಬರೆಯಲು ಕೂರುವ ಮೊದಲು ಮನಸ್ಸಿನಲ್ಲಿರುವುದನ್ನು ಮೂರು ಪಾಲು ಮಾಡಿಕೊಳ್ಳುತ್ತೇನೆ: ಕೃತಿಯದು ಎಷ್ಟು, ಧ್ವನಿಯದು ಎಷ್ಟು, ನನ್ನದು ಎಷ್ಟು. ಮುಂಬಯಿ ಕನ್ನಡಿಗರಾದ ನಮ್ಮವರಿಗೆ ಇದು ಹೊಸ ವಿದ್ಯೆಯೇನೂ ಆಗಬೇಕಾಗಿಲ್ಲ. ಇಲ್ಲಿನ ಸಂಘಗಳ ಸಭಾಂಗಣದಲ್ಲಿ ತಾಳಮದ್ದಲೆ, ಅಂದರೆ ವೇಷ ಕುಣಿತಗಳಿಲ್ಲದೆ ಹಾಡು ಮಾತುಗಳಲ್ಲೇ ನಡೆಯುವ ಯಕ್ಷಗಾನ, ಮುಗಿಸಿ ಹೊರಬರುವವರ ಮಾತನ್ನು ಕೇಳಿ ನೋಡಿ. ಪದ್ಯ ಪ್ರಸಂಗಕರ್ತನದು, ಹಾಡಿಕೆ ಭಾಗವತರದು, ಪಾತ್ರವಾಗಿ ಆಡುವ ಮಾತು, ಅಂದರೆ ಅರ್ಥ, ಅರ್ಥಧಾರಿಯದು ಎಂಬ ತಿಳಿವಳಿಕೆ ಆ ಹರಟೆಯೊಳಗೇ ಇರುತ್ತದೆ. ಕರ್ಣನ ಅರ್ಥ ಸೊರಗಿತೆಂದು ಯಾರೂ ಪ್ರಸಂಗಕರ್ತನನ್ನು ಬೈಯುವುದಿಲ್ಲ. ಕಾವ್ಯವನ್ನು ರಾಗವಾಗಿ ಓದುವ ಗಮಕದಲ್ಲಿಯೂ ವಾಚನ ಒಬ್ಬರದು, ವ್ಯಾಖ್ಯಾನ ಇನ್ನೊಬ್ಬರದು. ಇಷ್ಟು ಪಳಗಿದ ಕಿವಿಯವರೇ ಆಡಿಯೊ ಪುಸ್ತಕವೊಂದನ್ನು ಮುಗಿಸಿದಾಗ ಮಾತ್ರ "ಪುಸ್ತಕ ಬೋರು" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾರೆ.

ಮೊದಲ ಕೆಲಸ ಗುರುತು ಹಾಕಿಕೊಳ್ಳುವುದು. ಸ್ವಂತ ಪ್ರತಿಯಾದರೆ ಪೆನ್ಸಿಲ್ ಗೆರೆ ಸಾಕು. ಗ್ರಂಥಾಲಯದ ಪ್ರತಿಯಾದರೆ ಗೆರೆ ಎಳೆಯದೆ ಒಂದು ಚೀಟಿಯಲ್ಲಿ ಪುಟಸಂಖ್ಯೆಯನ್ನು ಬರೆದಿಡಿ. ಆಡಿಯೊಗೆ ಪುಟವಿಲ್ಲವಾದ್ದರಿಂದ ಅಧ್ಯಾಯ ಮತ್ತು ನಿಮಿಷವನ್ನು ಬರೆದುಕೊಳ್ಳಬೇಕು. ಆ್ಯಪ್‌ನಲ್ಲಿ ಬುಕ್‌ಮಾರ್ಕ್ ಗುಂಡಿ ಇದ್ದರೂ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಚೀಲ ಹಿಡಿದು ನಿಂತವನಿಗೆ ಅದು ನಿಲುಕುವುದಿಲ್ಲ. ಅಂಥ ಹೊತ್ತಿನಲ್ಲಿ ನಾನು ಸ್ಟೇಷನ್ನಿನ ಹೆಸರನ್ನೇ ಗುರುತಾಗಿ ಇಟ್ಟುಕೊಳ್ಳುತ್ತೇನೆ: ದಾದರ್‌ನಲ್ಲಿ ಅಣ್ಣತಮ್ಮಂದಿರ ಜಗಳ, ಅಂಧೇರಿಯಲ್ಲಿ ಮನೆ ಮಾರಾಟ, ಮೀರಾ ರೋಡ್‌ನಲ್ಲಿ ಅತ್ತೆಯ ಮೌನ. ಮನೆ ತಲುಪಿದ ಮೇಲೆ ದಾರಿಯನ್ನು ಹಿಂದಕ್ಕೆ ನೆನೆಯುತ್ತ ಹೋದರೆ ಕಥೆಯೂ ಬಿಚ್ಚಿಕೊಳ್ಳುತ್ತದೆ, ಆಗ ಟಿಪ್ಪಣಿ ಮಾಡಿಕೊಳ್ಳಬಹುದು. ಒಂದು ತೊಂದರೆಯೆಂದರೆ, ಕೆಲವು ಕಾದಂಬರಿಗಳು ಈಗಲೂ ನನ್ನ ತಲೆಯಲ್ಲಿ ಪಶ್ಚಿಮ ರೈಲ್ವೆಯ ನಕ್ಷೆಯಾಗಿಯೇ ಉಳಿದಿವೆ.

ಕೇಳಿದ ಸ್ಥಿತಿಯನ್ನೂ ಬರೆದಿಡಿ. ಭಾಯಂದರ್ ಮತ್ತು ನಾಯಗಾಂವ್ ನಡುವೆ ವಸಾಯಿ ಖಾಡಿಯ ಸೇತುವೆಯ ಮೇಲೆ ಗಾಡಿ ಸಾಗುವಾಗ ಪಿಸುದನಿಯ ಸಂಭಾಷಣೆಯೆಲ್ಲ ಸದ್ದಿನಲ್ಲಿ ಕೊಚ್ಚಿಹೋಗುತ್ತದೆ. ಅಲ್ಲಿ ನಿಲ್ಲಿಸಿ, ಸೇತುವೆ ದಾಟಿದ ಮೇಲೆ ಅರ್ಧ ನಿಮಿಷ ಹಿಂದಕ್ಕೆ ಹೋಗಿ ಮುಂದುವರಿಸುವುದು ಲೇಸು. ಒಂದೂವರೆ ಪಟ್ಟು ವೇಗದಲ್ಲಿ ಕೇಳಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ಹಾಸ್ಯ ನಿಂತಿರುವುದು ಮಾತಿನ ನಡುವಿನ ಬಿಡುವಿನಲ್ಲಿ. ಆ ಬಿಡುವನ್ನು ನೀವೇ ಕತ್ತರಿಸಿ, ಲೇಖಕರಿಗೆ ಹಾಸ್ಯಪ್ರಜ್ಞೆಯಿಲ್ಲವೆಂದು ಬರೆದರೆ ಅದು ಅನ್ಯಾಯ. ತೂಕಡಿಸಿದ ದಿನ ಮರುದಿನದ ಪ್ರಯಾಣವನ್ನು ನೆನಪಿನಲ್ಲಿರುವ ಕೊನೆಯ ದೃಶ್ಯದಿಂದಲೇ ಆರಂಭಿಸಿ, ಆ್ಯಪ್ ನಿಂತ ಜಾಗದಿಂದಲ್ಲ.

ಪುಸ್ತಕ ಮುಗಿದ ದಿನ ಐದಾರು ಸಾಲಿಗಿಂತ ಹೆಚ್ಚು ಬರೆಯಬೇಡಿ. ಆ ದಿನ ಇರುವುದು ಮುಗಿಸಿದ ಸಂತೋಷ ಅಥವಾ ಮುಗಿಯಿತಲ್ಲ ಎಂಬ ನಿಟ್ಟುಸಿರು. ಎರಡೂ ಅಭಿಪ್ರಾಯದ ವೇಷದಲ್ಲಿ ಬರುತ್ತವೆ. ಒಂದು ವಾರ ಬಿಟ್ಟು, ಪುಸ್ತಕವನ್ನು ತೆರೆಯದೆ, ಉಳಿದಿರುವುದನ್ನು ಬರೆಯಿರಿ: ಯಾವ ದೃಶ್ಯ ಕಣ್ಣಿಗೆ ಕಟ್ಟಿದೆ, ಯಾರ ಹೆಸರು ಮರೆತಿದೆ, ಯಾವ ಮಾತು ಊಟದ ಹೊತ್ತಿನಲ್ಲಿ ತಾನಾಗಿ ನೆನಪಾಯಿತು. ಅನಂತರ ಪುಸ್ತಕವನ್ನು ತೆರೆದು ಹೋಲಿಸಿ ನೋಡಿ. ಮುಗಿದ ದಿನ ಹೊಗಳಿದ್ದು ವಾರದ ನಂತರ ನೆನಪಿನಲ್ಲಿಯೇ ಇಲ್ಲವಾದರೆ, ಆ ಹೊಗಳಿಕೆಯನ್ನು ತೆಗೆದುಹಾಕುವುದಕ್ಕೆ ಹಿಂಜರಿಯಬಾರದು.

ಇನ್ನು ಧ್ವನಿಯ ಪಾಲು. ಆಡಿಯೊ ಪುಸ್ತಕದ ಬಗ್ಗೆ ಬರೆಯುವವರು ಹೆಚ್ಚಾಗಿ "ಧ್ವನಿ ಇಂಪಾಗಿದೆ" ಎಂದು ಹೇಳಿ ಮುಂದೆ ಸಾಗುತ್ತಾರೆ, ಆದರೆ ಕನ್ನಡದ ಮಟ್ಟಿಗೆ ಇಂಪು ಕೊನೆಯ ಮಾತು. ಮೊದಲು ಉಚ್ಚಾರವನ್ನು ನೋಡಬೇಕು: ಮಹಾಪ್ರಾಣ ನಿಂತಿದೆಯೇ, ಅಕಾರ ಹಕಾರಗಳು ಅದಲು ಬದಲಾಗಿವೆಯೇ, 'ಹಾಲು' ಎಲ್ಲಿಯಾದರೂ 'ಹಾಳು' ಆಗಿದೆಯೇ. ಆಮೇಲೆ ಪ್ರಾದೇಶಿಕ ಮಾತು. ಮುಂಬಯಿಯ ಕನ್ನಡಿಗರಲ್ಲಿ ದಕ್ಷಿಣ ಕನ್ನಡದವರು, ಕುಂದಾಪುರದವರು, ಧಾರವಾಡ, ವಿಜಯಪುರದ ಕಡೆಯವರು, ಉತ್ತರ ಕನ್ನಡದವರು ಎಲ್ಲರೂ ಇರುವುದರಿಂದ ಇಲ್ಲಿನ ಕೇಳುಗರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಬೆಂಗಳೂರಿನ ಸ್ಟುಡಿಯೊದಲ್ಲಿ ಕುಳಿತ ವಾಚಕರು ಧಾರವಾಡದ ಅಜ್ಜಿಯ ಮಾತನ್ನು ನಾಟಕದ ಹಳ್ಳಿಗನಂತೆ ಎಳೆದರೆ, ಪಕ್ಕದ ಮನೆಯಲ್ಲಿಯೇ ಅಂಥ ಅಜ್ಜಿಯ ಮಾತನ್ನು ಕೇಳಿದವರು ಆ ಕೃತಕತೆಯನ್ನು ಒಂದೇ ವಾಕ್ಯದಲ್ಲಿ ಹಿಡಿಯುತ್ತಾರೆ. ಹಿಡಿದದ್ದನ್ನು ಬರೆಯುವಾಗ, ಯಾವ ಪದ, ಯಾವ ಅಧ್ಯಾಯ ಎಂದು ತೋರಿಸಿ; ತೋರಿಸಲು ಆಗದಿದ್ದರೆ ಆ ದೂರನ್ನು ಕೈಬಿಡಿ.

ಪಾತ್ರದ ಮನಸ್ಸಿನೊಳಗೇ ಹೆಚ್ಚು ಹೊತ್ತು ಕಳೆಯುವ ಕಾದಂಬರಿಗಳಲ್ಲಿ ವಾಚಕರ ಕೆಲಸ ಕಠಿಣವಾದದ್ದು. ಯಶವಂತ ಚಿತ್ತಾಲರ 'ಶಿಕಾರಿ'ಯಂಥ (1979) ಕೃತಿಯಲ್ಲಿ ಮುಂಬಯಿಯ ಕಂಪನಿಯೊಂದರ ನೌಕರನಾದ ನಾಗಪ್ಪ ಯೋಚಿಸಿದ್ದು ಯಾವುದು, ಬಾಯಿಬಿಟ್ಟು ಆಡಿದ್ದು ಯಾವುದು ಎಂಬ ಗೆರೆ ಬಹಳ ತೆಳುವಾದದ್ದು. ಕಣ್ಣಿಗೆ ಉದ್ಧರಣ ಚಿಹ್ನೆ ಮತ್ತು ಪ್ಯಾರಾಗಳ ನೆರವಿದೆ, ಕಿವಿಗೆ ದನಿಯ ಏರಿಳಿತ ಬಿಟ್ಟರೆ ಬೇರೆ ದಾರಿಯಿಲ್ಲ. ಇಂಥ ಕೃತಿಯನ್ನು ಕೇಳಿ ಗೊಂದಲವಾಗಿದ್ದರೆ, ಮುದ್ರಿತ ಪ್ರತಿಯ ಹತ್ತು ಪುಟಗಳನ್ನಾದರೂ ಓದಿ, ಗೊಂದಲ ಎಲ್ಲಿಯದು ಎಂದು ಪರೀಕ್ಷಿಸಿದ ಮೇಲೆ ಬರೆಯಿರಿ. 1926ರಲ್ಲಿ ಸ್ಥಾಪನೆಯಾದ, ಮಾಟುಂಗದ ಮೈಸೂರು ಅಸೋಸಿಯೇಷನ್ ಮೊದಲಾದ ಸಂಘಗಳ ಒಡನಾಟ ಇರುವವರಿಗೆ ಪ್ರತಿ ಎರವಲು ಕೇಳಲು ಜನ ಸಿಗುತ್ತಾರೆ. ಇಂಥ ಕೃತಿಗಳಲ್ಲಿ ಇನ್ನೊಂದು ಅಪಾಯವೂ ಇದೆ: ನಾವು ಓಡಾಡಿದ ಬೀದಿ ಕಥೆಯಲ್ಲಿ ಬಂದ ಕೂಡಲೇ ಆಗುವ ಪುಲಕವನ್ನು ಕೃತಿಯ ಗುಣವೆಂದು ಎಣಿಸಿಬಿಡುತ್ತೇವೆ. ಅದು ಮೂರನೆಯ ಪಾಲಿಗೆ, ಅಂದರೆ ನಮ್ಮ ಪಾಲಿಗೆ, ಸೇರಬೇಕಾದದ್ದು.

ಕೇಳಿದ ಪುಸ್ತಕದಿಂದ ವಾಕ್ಯವನ್ನು ಉದ್ಧರಿಸುವಾಗ ಮುದ್ರಿತ ಪ್ರತಿಯನ್ನು ನೋಡದೆ ಉದ್ಧರಣ ಚಿಹ್ನೆ ಹಾಕಬಾರದು. ಅಲ್ಪವಿರಾಮ ಎಲ್ಲಿದೆಯೆಂದು ನಿಮಗೆ ತಿಳಿದಿರುವುದಿಲ್ಲ. ಸಂಕ್ಷಿಪ್ತ ಆವೃತ್ತಿಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಮರಾಠಿಯಿಂದ ಬಂದ ಅನುವಾದಗಳ ವಿಷಯದಲ್ಲಿ ನಾವು ಬೇರೆಡೆಯ ಕನ್ನಡಿಗರಿಗಿಂತ ಹೆಚ್ಚು ಹೇಳಬಲ್ಲೆವು, ಹೇಳಲೂ ಬೇಕು. ಎರಡು ಭಾಷೆಗಳಲ್ಲಿಯೂ ಇರುವ ಒಂದೇ ರೂಪದ ಪದಗಳು ಅನುವಾದಕರನ್ನು ಎಡವಿಸುತ್ತವೆ. ಮರಾಠಿಯ 'ಅವಘಡ' ಎಂದರೆ ಕಷ್ಟವಾದದ್ದು, ಕನ್ನಡದ 'ಅವಘಡ' ಎಂದರೆ ಅಪಘಾತ. ಮರಾಠಿಯವರು ಬದುಕು ಎನ್ನುವ ಅರ್ಥದಲ್ಲಿ ದಿನಬಳಕೆಗೆ 'ಆಯುಷ್ಯ' ಎಂದರೆ ಕನ್ನಡದ ಕಿವಿಗೆ ಅದು ಜಾತಕದ ಲೆಕ್ಕದಂತೆ ಕೇಳಿಸುತ್ತದೆ. ಒಂದು ಅನುವಾದದಲ್ಲಿ ಹುಡುಗನೊಬ್ಬನಿಗೆ ಗಣಿತ ಅವಘಡವಾಗಿತ್ತು ಎಂಬ ವಾಕ್ಯವನ್ನು ಓದಿ, ನನ್ನ ಶಾಲೆಯ ದಿನಗಳನ್ನು ನೆನೆದು, ತಪ್ಪೇನಿಲ್ಲ ಎಂದು ನಕ್ಕಿದ್ದೆ. ಇಂಥ ಎರಡು ಮೂರು ನಿದರ್ಶನ ಕೊಟ್ಟರೆ "ಅನುವಾದ ಸರಾಗವಾಗಿದೆ" ಎಂಬ ಪ್ರಮಾಣಪತ್ರದ ಅಗತ್ಯವೇ ಬೀಳುವುದಿಲ್ಲ.

ಪ್ರಮಾಣಪತ್ರದ ಮಾತು ಬಂದದ್ದರಿಂದ ಹೇಳುತ್ತೇನೆ. "ಒಂದೇ ಗುಕ್ಕಿನಲ್ಲಿ ಓದಿ ಮುಗಿಸಿದೆ", "ಓದಿಸಿಕೊಂಡು ಹೋಗುತ್ತದೆ", "ಪ್ರತಿಯೊಬ್ಬರೂ ಓದಲೇಬೇಕಾದ ಕೃತಿ" ಎಂಬ ಮೂರು ವಾಕ್ಯಗಳನ್ನು ನಿಮಗೆ ನೀವೇ ನಿಷೇಧಿಸಿಕೊಳ್ಳಿ. ಇವು ಯಾವ ಪುಸ್ತಕಕ್ಕೂ ಒಪ್ಪುತ್ತವೆ, ರೈಲ್ವೆ ವೇಳಾಪಟ್ಟಿಯನ್ನು ಬಿಟ್ಟು. ಅತ್ತೆಯ ಪಾತ್ರ ಚೆನ್ನಾಗಿ ಮೂಡಿದೆ ಎಂದು ಬರೆಯುವ ಬದಲು, ಆಕೆ ಇಡೀ ಕಾದಂಬರಿಯಲ್ಲಿ ಮೂರೇ ಸಲ ಬಾಯಿ ತೆರೆಯುತ್ತಾಳೆ, ಮೂರು ಸಲವೂ ಅಡುಗೆಮನೆಯ ಸಾಮಾನಿನ ಬಗ್ಗೆಯೇ ಮಾತನಾಡುತ್ತಾಳೆ, ಆದರೂ ಮನೆಯವರೆಲ್ಲ ಆಕೆಗೆ ಅಂಜುತ್ತಾರೆ ಎಂದು ಬರೆದರೆ, ಚೆನ್ನಾಗಿದೆಯೆಂಬುದು ಓದುವವರಿಗೇ ಹೊಳೆಯುತ್ತದೆ. ಕಥೆಯ ಸಾರಾಂಶಕ್ಕೆ ನಾಲ್ಕು ಸಾಲು ಸಾಕು.

ನಮ್ಮ ಊರಿನಲ್ಲಿ ತೀರ ಕಷ್ಟದ್ದೆಂದರೆ ಪರಿಚಯದವರ ಪುಸ್ತಕ. ಮುಂಬಯಿಯ ಕನ್ನಡ ಬರಹದ ಲೋಕ ಸಣ್ಣದು. ಶನಿವಾರ ಬಿಡುಗಡೆಯಾದ ಪುಸ್ತಕದ ಲೇಖಕರು ಮುಂದಿನ ಶನಿವಾರ ಚಹಾದ ಸಾಲಿನಲ್ಲಿ ನಿಮ್ಮ ಹಿಂದೆಯೇ ನಿಂತಿರುತ್ತಾರೆ. ಪ್ರತಿಯನ್ನು ಅವರೇ ಸಹಿ ಹಾಕಿ ಕೊಟ್ಟಿದ್ದರೆ ಮೊದಲ ಸಾಲಿನಲ್ಲಿಯೇ ಅದನ್ನು ತಿಳಿಸಿ. ಮೆಚ್ಚಿದ್ದನ್ನು ಮಾತ್ರ ಬರೆದು, ಉಳಿದದ್ದನ್ನು ಅವರಿಗೆ ಎದುರಿನಲ್ಲಿ ಹೇಳುವ ರೂಢಿ ಅನೇಕರಲ್ಲಿದೆ. ನನಗದು ಒಪ್ಪಿಗೆಯಿಲ್ಲ, ಏಕೆಂದರೆ ಬರಹವನ್ನು ನಂಬಿ ಹಣ ಕೊಟ್ಟು ಕೊಳ್ಳುವವರು ಆ ಎದುರಿನಲ್ಲಿ ಇರುವುದಿಲ್ಲ. ಪೂರ್ತಿ ಹೇಳಲಾಗದಿದ್ದರೆ ಬರೆಯದೆ ಸುಮ್ಮನಿರುವುದು ಮೇಲು. ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆಯೂ ಬರೆಯಬಹುದು, ಎಷ್ಟನೆಯ ಪುಟದಲ್ಲಿ ಬಿಟ್ಟಿರಿ, ಏಕೆ ಬಿಟ್ಟಿರಿ ಎಂದು ಹೇಳುವ ಷರತ್ತಿನ ಮೇಲೆ.

ಬರೆದದ್ದರ ಕೆಳಗೆ ತಾರೀಕು, ಆವೃತ್ತಿ, ಧ್ವನಿ ನೀಡಿದವರ ಹೆಸರು ಮತ್ತು ಒಟ್ಟು ಅವಧಿಯನ್ನು ನಮೂದಿಸಿ, ನಾಲ್ಕು ಸಾಲಿನಷ್ಟು ಜಾಗವನ್ನು ಖಾಲಿ ಬಿಡಿ. ನಾನು ತೂಕಡಿಸಿ ಕೇಳಿದ ಆ ಕಾದಂಬರಿಯ ಟಿಪ್ಪಣಿಯ ಕೆಳಗಿನ ಖಾಲಿ ಜಾಗದಲ್ಲಿ ಈಗ ಬೇರೆ ಶಾಯಿಯಲ್ಲಿ ಹೀಗಿದೆ: "ಪತ್ರ ಸಿಕ್ಕಿತು, ಪುಟ 212. ಉತ್ತರಾರ್ಧ ಬಿಗಿಯಾಗಿಯೇ ಇದೆ. ಕೊನೆಯ ಅಧ್ಯಾಯ ಮಾತ್ರ ಈಗಲೂ ಉದ್ದವಾಯಿತೆನಿಸುತ್ತದೆ, ಈ ಸಲ ಎಚ್ಚರವಾಗಿದ್ದೆ."