ಇಂಟರ್‌ಸ್ಟೇಟ್ 90ರ ಪುಟ್ಟ ಮ್ಯೂಸಿಯಂಗಳು: ನನ್ನ ಅನುಭವ

ಅಮೆರಿಕವನ್ನು ಪೂರ್ವದಿಂದ ಪಶ್ಚಿಮಕ್ಕೆ ಕಾರಿನಲ್ಲಿ ದಾಟಲು ನಾನು ಆರಿಸಿಕೊಂಡದ್ದು ಬಾಸ್ಟನ್‌ನಿಂದ ಸಿಯಾಟಲ್‌ವರೆಗೆ ಸುಮಾರು 4,860 ಕಿಲೋಮೀಟರ್ ಸಾಗುವ ಇಂಟರ್‌ಸ್ಟೇಟ್ 90 ಹೆದ್ದಾರಿಯನ್ನು. ಅದರ ಅಕ್ಕಪಕ್ಕದ ಊರುಗಳಲ್ಲಿ ಒಂದೇ ತಿನಿಸಿಗೋ, ಒಂದೇ ಬೆಳೆಗೋ, ಒಬ್ಬನೇ ಮನುಷ್ಯನ ಹುಚ್ಚಿಗೋ ಮೀಸಲಾದ ಮ್ಯೂಸಿಯಂಗಳಿವೆ. ಹೆಚ್ಚಿನವರು ಅವುಗಳನ್ನು ದೂರದ ಪ್ರಯಾಣದ ನಡುವೆ ಕಾಲಾಡಿಸಲು ಸಿಕ್ಕ ನೆಪವೆಂದು ಭಾವಿಸುತ್ತಾರೆ. ಆಯಾ ಊರು ಏನನ್ನು ನಂಬಿ ಬದುಕಿತು ಎಂಬುದನ್ನು ಅಷ್ಟು ನೇರವಾಗಿ ಹೇಳುವ ಜಾಗ ಬೇರೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಹೆದ್ದಾರಿಯಿಂದ ಅರ್ಧ ಗಂಟೆಯೊಳಗೆ ತಲುಪಬಹುದಾದವುಗಳನ್ನು ಮಾತ್ರ ನಕ್ಷೆಯಲ್ಲಿ ಗುರುತಿಸಿಕೊಂಡೆ. ಇಂಥ ಕೆಲವು ಮ್ಯೂಸಿಯಂಗಳನ್ನು ಸ್ವಯಂಸೇವಕರೇ ನಡೆಸುವುದರಿಂದಲೂ, ಚಳಿಗಾಲದಲ್ಲಿ ತೆರೆಯುವ ವೇಳೆ ಕಡಿಮೆಯಾಗುವುದರಿಂದಲೂ ಹಿಂದಿನ ದಿನವೇ ಫೋನ್ ಮಾಡಿ ವಿಚಾರಿಸುತ್ತಿದ್ದೆ. ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಅದಕ್ಕಿಂತ ಹೆಚ್ಚು ನೋಡಿದರೆ ಯಾವುದೂ ಮನಸ್ಸಿನಲ್ಲಿ ಉಳಿಯುವುದಿಲ್ಲ.

ನ್ಯೂಯಾರ್ಕ್ ರಾಜ್ಯದ ಲೆರಾಯ್‌ನಲ್ಲಿರುವ ಜೆಲ್-ಓ ಗ್ಯಾಲರಿ ಮೊದಲನೆಯದು. ಕೆಮ್ಮಿನ ಔಷಧಿಯನ್ನೂ ತಯಾರಿಸುತ್ತಿದ್ದ ಪರ್ಲ್ ವೇಟ್ ಎಂಬ ಬಡಗಿ 1897ರಲ್ಲಿ ಈ ಊರಿನಲ್ಲೇ ಜೆಲಟಿನ್‌ಗೆ ಹಣ್ಣಿನ ರುಚಿ ಬೆರೆಸಿ ಜೆಲ್-ಓ ತಯಾರಿಸಿದರೂ, ಅದನ್ನು ಮಾರಲಾಗದೆ 1899ರಲ್ಲಿ ಆರೇಟರ್ ವುಡ್‌ವರ್ಡ್ ಎಂಬುವನಿಗೆ ಹಕ್ಕುಗಳನ್ನೆಲ್ಲ 450 ಡಾಲರ್‌ಗೆ ಬಿಟ್ಟುಕೊಟ್ಟ. ಆಮೇಲೆ ಅದನ್ನು ಮನೆಮನೆಗೆ ಮುಟ್ಟಿಸಿದ್ದು ಜಾಹೀರಾತುಗಳು ಮತ್ತು ಪುಕ್ಕಟೆ ಹಂಚಿದ ಪಾಕಪುಸ್ತಿಕೆಗಳು. 1964ರಲ್ಲಿ ಕಾರ್ಖಾನೆ ಊರು ಬಿಟ್ಟುಹೋಯಿತೆಂಬುದನ್ನು ತಿಳಿದುಕೊಂಡು ಆ ಹಳೆಯ ಜಾಹೀರಾತು ಚಿತ್ರಗಳನ್ನು ನೋಡಿದರೆ ಅವುಗಳ ತೂಕವೇ ಬೇರೆ.

ವಿಸ್ಕಾನ್ಸಿನ್‌ನ ಮಿಡಲ್‌ಟನ್‌ನಲ್ಲಿ ರಾಷ್ಟ್ರೀಯ ಸಾಸಿವೆ ಮ್ಯೂಸಿಯಂ ಇದೆ. ರಾಜ್ಯದ ಸಹಾಯಕ ಅಟಾರ್ನಿ ಜನರಲ್ ಆಗಿದ್ದ ಬ್ಯಾರಿ ಲೆವೆನ್ಸನ್, 1986ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನಲ್ಲಿ ತಮ್ಮ ನೆಚ್ಚಿನ ತಂಡ ಸೋತ ಸಂಕಟದಲ್ಲಿ ಸಾಸಿವೆಯ ಬಾಟಲಿಗಳನ್ನು ಕೂಡಿಡತೊಡಗಿ, 1992ರಲ್ಲಿ ಇದನ್ನು ತೆರೆದರು. ಆರು ಸಾವಿರಕ್ಕೂ ಹೆಚ್ಚು ಬಗೆಯ ಸಾಸಿವೆಗಳು ಇಲ್ಲಿವೆ. ರುಚಿ ನೋಡುವ ಕಟ್ಟೆಯ ಬಳಿ ನಿಂತು, ಅಲ್ಲಿದ್ದವರನ್ನು ಮಾತಿಗೆಳೆದು, ಸಣ್ಣ ಚಮಚದಲ್ಲಿ ಒಂದೊಂದನ್ನೇ ನಾಲಿಗೆಗೆ ಮುಟ್ಟಿಸಿಕೊಂಡಾಗ ತಿಳಿದಷ್ಟು ಕಪಾಟುಗಳನ್ನು ನೋಡಿದಾಗ ತಿಳಿಯಲಿಲ್ಲ. ಮಿನ್ನೆಸೋಟದ ಆಸ್ಟಿನ್‌ನಲ್ಲಿ, 1937ರಲ್ಲಿ ಮಾರುಕಟ್ಟೆಗೆ ಬಂದ ಡಬ್ಬಿ ಮಾಂಸಕ್ಕೆಂದೇ ಇರುವ ಸ್ಪ್ಯಾಮ್ ಮ್ಯೂಸಿಯಂ ಅಚ್ಚುಕಟ್ಟಾಗಿದೆ, ಪ್ರವೇಶವೂ ಉಚಿತ. ಎರಡನೇ ಮಹಾಯುದ್ಧದ ಸೈನಿಕರ ಜೊತೆಯಲ್ಲಿ ಈ ಡಬ್ಬಿ ಪೆಸಿಫಿಕ್ ದ್ವೀಪಗಳ ಅಡುಗೆಮನೆ ಸೇರಿದ ಕಥೆಯೇ ಅಲ್ಲಿ ಮುಖ್ಯ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾನು ನಿಂತದ್ದು ಸೌತ್ ಡಕೋಟಾದ ಮಿಚೆಲ್‌ನ ಕಾರ್ನ್ ಪ್ಯಾಲೆಸ್ ಎದುರು. 1892ರಲ್ಲಿ ಮೊದಲು ಕಟ್ಟಿದ ಈ ಜೋಳದ ಅರಮನೆಯ ಈಗಿನ ಕಟ್ಟಡ 1921ರದು. ರಸ್ತೆಯ ಆಚೆಯಿಂದ ಬಣ್ಣದ ಚಿತ್ರಗಳಂತೆ ಕಾಣುವ ಗೋಡೆಗೆ ಹತ್ತಿರ ಹೋದರೆ, ಉದ್ದಕ್ಕೆ ಸೀಳಿದ ಮೆಕ್ಕೆಜೋಳದ ತೆನೆಗಳನ್ನು ಒತ್ತೊತ್ತಾಗಿ ಮೊಳೆ ಹೊಡೆದು ಕೂಡಿಸಿರುವುದೂ, ಹಕ್ಕಿಗಳು ಕುಕ್ಕಿದಲ್ಲಿ ಕಾಳುಗಳಿಲ್ಲದ ಬೆಂಡು ಬರಿದಾಗಿರುವುದೂ ಕಾಣುತ್ತದೆ. ಕೆಂಪು, ಕಪ್ಪು, ನೀಲಿ, ಹಳದಿ, ಎಲ್ಲವೂ ಕಾಳಿನ ಸ್ವಂತ ಬಣ್ಣ. ಪರಾಗ ಬೆರೆತು ಬಣ್ಣ ಕೆಡದಂತೆ ಒಂದೊಂದು ಬಣ್ಣದ ಜೋಳವನ್ನು ಬೇರೆ ಬೇರೆಯಾಗಿಯೇ ಬೆಳೆಯುತ್ತಾರೆ. ಕಪ್ಪು ಡಾಂಬರು ಕಾಗದದ ಮೇಲೆ ಮೊದಲು ಚಿತ್ರದ ಗೆರೆಗಳನ್ನು ಬರೆದು, ಎಲ್ಲೆಲ್ಲಿ ಯಾವ ಬಣ್ಣವೆಂದು ಗುರುತು ಹಾಕಿ, ಅದರಂತೆ ತೆನೆ ಜೋಡಿಸುತ್ತಾರೆ. ಹೊಸ ಬೆಳೆಯೊಂದಿಗೆ ಚಿತ್ರಗಳೂ ಬದಲಾಗುತ್ತವೆ. ಒಳಗೆ ಬಾಸ್ಕೆಟ್‌ಬಾಲ್ ಅಂಗಣವಿದ್ದು, ಊರಿನವರು ಕಟ್ಟಡವನ್ನು ದಿನನಿತ್ಯ ಬಳಸುತ್ತಾರೆಂಬುದು ನನಗೆ ಬಹಳ ಹಿಡಿಸಿತು.

ಮುಂದೆ ಸಿಗುವ ವಾಲ್ ಡ್ರಗ್ ಬಹುಮಟ್ಟಿಗೆ ಅಂಗಡಿಯೇ. ಆದರೂ 1936ರಲ್ಲಿ ಉಚಿತ ಐಸ್ ನೀರಿನ ಫಲಕಗಳನ್ನು ರಸ್ತೆಬದಿಯಲ್ಲಿ ನೆಟ್ಟು ಗಿರಾಕಿಗಳನ್ನು ಸೆಳೆದ ಆ ಔಷಧಿ ಅಂಗಡಿಯಲ್ಲಿ ಇಂದಿಗೂ ಆ ನೀರು ಸಿಗುತ್ತದೆ, ಒಂದು ಲೋಟ ಕುಡಿದು ಹೊರಡಬಹುದು.

ಅರ್ಧ ಗಂಟೆಯ ನಿಯಮವನ್ನು ನಾನು ಮುರಿದದ್ದು ಐಡಹೊ ಆಲೂಗಡ್ಡೆ ಮ್ಯೂಸಿಯಂಗಾಗಿ. ಮೊಂಟಾನಾದ ಬ್ಯೂಟ್ ಬಳಿ ಇಂಟರ್‌ಸ್ಟೇಟ್ 15ಕ್ಕೆ ತಿರುಗಿ ದಕ್ಷಿಣಕ್ಕೆ ಮೂರು ಗಂಟೆಗೂ ಹೆಚ್ಚು ಓಡಿಸಿದರೆ ಬ್ಲ್ಯಾಕ್‌ಫುಟ್ ಊರು ಸಿಗುತ್ತದೆ. ಅಲ್ಲಿನ ಹಳೆಯ ರೈಲು ನಿಲ್ದಾಣವೇ ಮ್ಯೂಸಿಯಂ. ಬಿತ್ತನೆಯ, ಅಗೆತದ ಹಳೆಯ ಸಲಕರಣೆಗಳ ಮುಂದೆ ನಿಧಾನವಾಗಿ ನಿಲ್ಲುವವರಿಗೆ ಆ ಸುತ್ತುದಾರಿ ಖಂಡಿತ ಸಾರ್ಥಕ, ಹೊರರಾಜ್ಯದವರಿಗೆ ಒಣಗಿಸಿದ ಆಲೂಗಡ್ಡೆಯ ಪೊಟ್ಟಣವನ್ನೂ ಪುಕ್ಕಟೆಯಾಗಿ ಕೊಡುತ್ತಾರೆ.